ಕರೆದರೆ ಓಗೊಡದವನನ್ನು ಹುಡುಕಿದ ಬಗೆ

ಮನೆಗಳಲ್ಲಿ ಏನಾದರೊಂದು ಕಳೆದುಹೋಗುವುದು ಅಪೂರ್ವವಾದ ಸಂಗತಿಯೇನೂ ಅಲ್ಲ. ಬೀಗದ ಕೈ ಕಳೆಯುತ್ತದೆ, ಕನ್ನಡಕ ಕಳೆಯುತ್ತದೆ. ಜಾತ್ರೆಯ ಜಂಗುಳಿಯಲ್ಲಿ ಒಮ್ಮೊಮ್ಮೆ ಮಕ್ಕಳೂ ತಪ್ಪಿಸಿಕೊಳ್ಳುವುದುಂಟು. ಮಕ್ಕಳು ತಪ್ಪಿಸಿಕೊಂಡರೆ ಅಳುತ್ತವೆ. ಅತ್ತರೆ ದಾರಿಹೋಕರು ನಿಲ್ಲುತ್ತಾರೆ, ತಾಯಿ ಯಾರೆಂದು ವಿಚಾರಿಸುತ್ತಾರೆ, ಕೈಹಿಡಿದು ಕರೆತರುತ್ತಾರೆ. ಆದರೆ 31 ವರ್ಷದ, ಗಡ್ಡಮೀಸೆ ಬಂದ, ಎತ್ತರವಾದ ಗಂಡಸೊಬ್ಬನು ಕಾಣೆಯಾದರೆ ದಾರಿಹೋಕರಲ್ಲಿ ಯಾರು ನಿಲ್ಲುತ್ತಾರೆ? ಅವನು ಅಳುವುದಿಲ್ಲ, ದಾರಿ ಕೇಳುವುದಿಲ್ಲ. ಹೆಸರು ಹಿಡಿದು ಕೂಗಿದರೂ ಓಗೊಡುವುದಿಲ್ಲ. ಅಂತಹವನನ್ನು ಹುಡುಕುವುದು ಹೇಗೆ? ನಮ್ಮ ಕುಟುಂಬವು ಈ ಪ್ರಶ್ನೆಗೆ ಉತ್ತರವನ್ನು ಎರಡು ದಿನ ಎರಡು ರಾತ್ರಿಗಳ ದುಃಖದಲ್ಲಿ ಕಲಿಯಬೇಕಾಯಿತು. ಕಲಿತದ್ದು ಇನ್ನೊಂದು ಮನೆಗೆ ಉಪಯೋಗಕ್ಕೆ ಬರಲೆಂದು ವಾಚಕರ ಮುಂದೆ ಇಡುತ್ತಿದ್ದೇನೆ.

ಆತನು ನನ್ನ ತಂಗಿಯ ಹಿರಿಯ ಮಗ. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ನಾವೆಲ್ಲರೂ ಅವನನ್ನು 'ಮಗು' ಎಂದೇ ಕರೆಯುತ್ತ ಬಂದಿದ್ದೇವೆ. ತಂಗಿಯ ಮನೆ ಮಂಡ್ಯದ ಸೀಮೆಯ ಒಂದು ಹೋಬಳಿಯ ಊರು. ಸುತ್ತಲೂ ಕಬ್ಬಿನ ಗದ್ದೆ, ನಾಲೆ, ಅಲ್ಲಲ್ಲಿ ಹೊಗೆಯಾಡುವ ಆಲೆಮನೆಗಳು. ಮಗುವಿಗೆ ಮೂರು ವರ್ಷವಾದರೂ ಮಾತು ಬರಲಿಲ್ಲ. ಕಿವಿ ಮಂದವೆಂದು ಕೆಲವರೆಂದರು, ದೃಷ್ಟಿಯಾಗಿದೆಯೆಂದು ಕೆಲವರೆಂದರು. ಹರಕೆಗಳಾದವು, ತಾಯಿತಗಳಾದವು. ಕಿವಿ ಮಂದವಾಗಿರಲಿಲ್ಲವೆಂಬುದು ತಂಗಿಗೆ ಮೊದಲೇ ತಿಳಿದಿತ್ತು. ಮೂರು ಮನೆಗಳಾಚೆ ಹೊಲಿಗೆಯ ಯಂತ್ರ ತಿರುಗಿದರೆ ಅವನು ಹಾಸಿಗೆಯಿಂದ ಎದ್ದು ಓಡುತ್ತಿದ್ದನು. ಕೊನೆಗೆ ಐದನೆಯ ವರ್ಷದಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಕರೆದೊಯ್ದಾಗ, ಇದು ಆಟಿಸಂ ಎಂಬ ಸ್ಥಿತಿಯೆಂದೂ, ರೋಗದಂತೆ ಔಷಧದಿಂದ ಹೋಗುವುದಲ್ಲವೆಂದೂ, ಹುಡುಗನಿಗೆ ಕಲಿಸುತ್ತ ಹೋದರೆ ಅವನ ಮಟ್ಟಿಗೆ ಬಹಳವನ್ನು ಕಲಿಯುವನೆಂದೂ ಅಲ್ಲಿಯವರು ತಿಳಿಯಹೇಳಿದರು. ಅವನು ಕಲಿತನು ಸಹ. ಸ್ನಾನ, ಊಟ, ಬಟ್ಟೆಗಳನ್ನು ತಾನೇ ನೋಡಿಕೊಳ್ಳುತ್ತಾನೆ. ದಿನವೂ ಅಂಗಳ ಗುಡಿಸುತ್ತಾನೆ. ಒಂದು ಕಡ್ಡಿಯೂ ಉಳಿಯುವುದಿಲ್ಲ. ಮಾತು ಮಾತ್ರ ಹತ್ತು ಹನ್ನೆರಡು ಶಬ್ದಗಳನ್ನು ಮೀರಲಿಲ್ಲ.

ಈ ಸ್ಥಿತಿಯನ್ನು ಕುರಿತು ಎರಡು ಮಾತು ಹೇಳುವುದು ಅವಶ್ಯಕ. 1943ನೆಯ ಇಸವಿಯಲ್ಲಿ ಅಮೆರಿಕ ದೇಶದ ಬಾಲ್ಟಿಮೋರ್ ಪಟ್ಟಣದ ವೈದ್ಯ ಲಿಯೋ ಕ್ಯಾನರ್ ಎಂಬುವರು 11 ಮಂದಿ ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಇದಕ್ಕೆ ಆಟಿಸಂ ಎಂಬ ಹೆಸರನ್ನು ಪ್ರಸಿದ್ಧಿಗೆ ತಂದರು. 'ತಾನು' ಎಂಬ ಅರ್ಥದ ಗ್ರೀಕ್ ಪದದಿಂದ ಹುಟ್ಟಿದ ಶಬ್ದವಿದು. ನಮ್ಮವರು ಇದನ್ನು 'ಸ್ವಲೀನತೆ' ಎಂದು ಕರೆದಿದ್ದಾರೆ. ಇದ್ದವರೆಲ್ಲರೂ ಒಂದೇ ತೆರನಲ್ಲ. ನಿರರ್ಗಳವಾಗಿ ಮಾತನಾಡುವವರೂ, ಉದ್ಯೋಗದಲ್ಲಿರುವವರೂ, ಒಂದು ಮಾತನ್ನೂ ಆಡದವರೂ ಇದರಲ್ಲಿದ್ದಾರೆ. ನಮ್ಮ ದೇಶದಲ್ಲಿ 2016ನೆಯ ಇಸವಿಯ ಅಂಗವಿಕಲರ ಹಕ್ಕುಗಳ ಕಾನೂನು ಎಣಿಸುವ 21 ಬಗೆಯ ವೈಕಲ್ಯಗಳಲ್ಲಿ ಇದೂ ಒಂದು. ಸಂಸ್ಕೃತವನ್ನು ಓದಿ, ಮೂವತ್ತಕ್ಕೆ ಮಿಕ್ಕಿ ವರ್ಷ ಮಕ್ಕಳಿಗೆ ಸಂಧಿಸಮಾಸಗಳನ್ನು ಬಿಡಿಸಿ ಹೇಳಿದ ನನಗೆ 'ಸ್ವಲೀನ' ಎಂಬ ಸಮಾಸವು ಬಹುಕಾಲ ಬಲು ಸಮರ್ಪಕವಾಗಿ ಕಂಡಿತ್ತು. ತನ್ನಲ್ಲಿಯೇ ಲೀನನಾದವನು, ಹೊರಗಿನ ಗೊಡವೆ ಬೇಡದವನು. ಈ ವಿಗ್ರಹವಾಕ್ಯವೇ ನಮ್ಮನ್ನು ಒಂದೂವರೆ ದಿನ ದಾರಿ ತಪ್ಪಿಸಿತು. ಅದು ಹೇಗೆಂಬುದನ್ನು ಮುಂದೆ ಹೇಳುತ್ತೇನೆ.

2024ನೆಯ ಇಸವಿ ಡಿಸೆಂಬರ್ ತಿಂಗಳ ಮೊದಲ ವಾರ, ಗುರುವಾರ. ತಂಗಿಯ ಎದುರು ಮನೆಯಲ್ಲಿ ಗೃಹಪ್ರವೇಶ. ಬೆಳಗಿನಿಂದ ಧ್ವನಿವರ್ಧಕ, ಡೊಳ್ಳು, ಪಟಾಕಿ. ಮಗುವಿಗೆ ಕರ್ಕಶವಾದ ಶಬ್ದವು ಮೈಗೆ ಬಡಿದ ಏಟಿನಂತೆ. ಅವನು ಕಿವಿಗಳನ್ನು ಮುಚ್ಚಿಕೊಂಡು ಹಿತ್ತಲ ಕೋಣೆಯಲ್ಲಿ ಕುಳಿತಿದ್ದನು. ಹನ್ನೊಂದು ಗಂಟೆಗೆ ತಂಗಿಯು ಅನ್ನ ಬಸಿದು ಬಂದು ನೋಡಿದರೆ ಕೋಣೆ ಬರಿದಾಗಿತ್ತು. ಹಿತ್ತಲ ಬಾಗಿಲು ತೆರೆದಿತ್ತು. ಚಪ್ಪಲಿ ಮಾತ್ರ ಅಲ್ಲಿಯೇ ಇತ್ತು.

ನಾನು ಮೈಸೂರಿನಿಂದ ಬಂದು ಸೇರುವಷ್ಟರಲ್ಲಿ ಮಧ್ಯಾಹ್ನ ಎರಡು ಗಂಟೆ. ಊರ ಜನ ನಿಜವಾಗಿಯೂ ಒಳ್ಳೆಯವರು. ಗೃಹಪ್ರವೇಶದ ಊಟಕ್ಕೆ ಬಂದವರು ಎಲೆಯನ್ನು ಬಿಟ್ಟೆದ್ದು ಹುಡುಕಲು ಹೊರಟಿದ್ದರು. ಕೆರೆಯ ಏರಿ, ತೆರೆದ ಬಾವಿಗಳು, ನಾಲೆಯ ದಂಡೆ ಎಲ್ಲವನ್ನೂ ನೋಡಿದರು. ಮಂಡ್ಯದ ಸೀಮೆಯವರಿಗೆ ನಾಲೆಯ ಭಯವನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. 2018ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ತೀರಿಕೊಂಡ ದಿನವನ್ನು ಇಲ್ಲಿ ಯಾರೂ ಮರೆತಿಲ್ಲ. ಸಂಜೆಯಾಗುತ್ತಲೇ ನಲವತ್ತು ಐವತ್ತು ಮಂದಿ ಬ್ಯಾಟರಿ ದೀಪಗಳನ್ನು ಹಿಡಿದು, ಕಬ್ಬಿನ ಗದ್ದೆಗಳ ನಡುವೆ ಅವನ ಹೆಸರನ್ನು ಗಟ್ಟಿಯಾಗಿ ಕೂಗುತ್ತ ನಡೆದರು. ನಾನೂ ಕೂಗಿದೆನು. ಶಬ್ದಕ್ಕೆ ಹೆದರಿ ಹೋದವನನ್ನು ಶಬ್ದದಿಂದಲೇ ಅಟ್ಟುತ್ತಿದ್ದೇವೆಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಪೋಲೀಸು ಠಾಣೆಗೆ ತಂಗಿ, ಭಾವ ಮತ್ತು ನಾನು ಹೋದೆವು. ತಂಗಿಯು, "ನಮ್ಮ ಮಗು ಬೆಳಗಿನಿಂದ ಕಾಣಿಸುತ್ತಿಲ್ಲ ಸ್ವಾಮಿ" ಎಂದಳು. ಅಲ್ಲಿದ್ದವರು ಕೂಡಲೆ ಎದ್ದು ಕುರ್ಚಿ ಹಾಕಿ, ಲೇಖನಿ ತೆಗೆದುಕೊಂಡು, "ಮಗುವಿನ ವಯಸ್ಸೆಷ್ಟು ತಾಯಿ?" ಎಂದು ಕೇಳಿದರು.

"ಮೂವತ್ತೊಂದು" ಎಂದಳು.

ಲೇಖನಿಯು ಮೇಜಿನ ಮೇಲೆ ಕುಳಿತಿತು. ಮನೆಯಲ್ಲಿ ಜಗಳವಾಯಿತೇ, ಸಾಲವಿದೆಯೇ, ಕುಡಿಯುವ ಅಭ್ಯಾಸವುಂಟೇ, ಹುಡುಗಿಯ ವಿಷಯವೇ ಎಂದು ಪ್ರಶ್ನೆಗಳು ಬಂದವು. "ದೊಡ್ಡವನಲ್ಲವೆ, ಬರುತ್ತಾನೆ, ಒಂದು ದಿನ ನೋಡಿಕೊಂಡು ಬನ್ನಿ" ಎಂದರು. ಅವರನ್ನು ನಾನು ಅಷ್ಟಾಗಿ ದೂರುವುದಿಲ್ಲ. ಆಟಿಸಂ ಎಂಬ ಶಬ್ದವನ್ನು ಅವರು ಅದೇ ಮೊದಲು ಕೇಳುತ್ತಿದ್ದಂತೆ ತೋರಿತು. ಆದರೆ ವಾಚಕರು ಇದನ್ನು ನೆನಪಿನಲ್ಲಿಡಬೇಕು: ಕಾಣೆಯಾದವರ ದೂರನ್ನು ಕೊಡಲು 24 ಗಂಟೆ ಕಾಯಬೇಕೆಂಬ ನಿಯಮವು ನಮ್ಮ ಕಾನೂನಿನಲ್ಲಿ ಎಲ್ಲಿಯೂ ಇಲ್ಲ. ಕೊನೆಗೆ ಒಳಗಿನಿಂದ ಬಂದ ವಯಸ್ಸಾದ ದಫೇದಾರರೊಬ್ಬರು ತಂಗಿಯ ಮುಖವನ್ನು ನೋಡಿ, ತಾವೇ ಕುಳಿತು ದೂರನ್ನು ಬರೆದುಕೊಂಡರು. ಭಾವಚಿತ್ರವನ್ನು ಕೇಳಿದರು. ನಾವು ಕೊಟ್ಟದ್ದು ಬಂಧುಗಳೊಬ್ಬರ ಮದುವೆಯಲ್ಲಿ ತೆಗೆದದ್ದು: ನುಣ್ಣಗೆ ಕ್ಷೌರವಾದ ಮುಖ, ರೇಷ್ಮೆ ಪಂಚೆ, ಛಾಯಾಗ್ರಾಹಕನು ಬಲವಂತದಿಂದ ತರಿಸಿದ ನಗು. ಕಾಣೆಯಾದವನಿಗೆ ಎರಡು ವಾರದ ಗಡ್ಡವಿತ್ತು. ನೀಲಿ ಅಂಗಿ, ಕಂದು ಬಣ್ಣದ ಷರಾಯಿ. ನಗುವಂತೂ ಅವನಿಗೆ ಹಾಗೆ ಬರುವುದೇ ಇಲ್ಲ.

ಆ ಚಿತ್ರವು ವಾಟ್ಸಾಪಿನ ಮೂಲಕ ರಾತ್ರಿಯೊಳಗೆ ಜಿಲ್ಲೆಯೆಲ್ಲ ಹರಡಿತು. ಫಲವೇನು? ಮದ್ದೂರಿನ ಬಸ್ಸು ನಿಲ್ದಾಣದಲ್ಲಿ ಕಂಡೆವೆಂದು ಒಬ್ಬರು, ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ಕಂಡೆವೆಂದು ಇನ್ನೊಬ್ಬರು. ಹುಡುಗನು ತನ್ನ ಬಳಿ ಇದ್ದಾನೆ, ಹತ್ತು ಸಾವಿರ ಕಳುಹಿಸಿರಿ ಎಂದು ಮತ್ತೊಬ್ಬನು. ಶುಕ್ರವಾರ ಇಡೀ ದಿನ ಭಾವನು ಒಂದು ಕಡೆಗೆ, ನಾನೊಂದು ಕಡೆಗೆ ಓಡಿದೆವು. ಆಸ್ಪತ್ರೆಗಳನ್ನು ನೋಡಿದೆವು. ಸಂಜೆ ಒಂದು ಶವಾಗಾರದಿಂದ ಕರೆ ಬಂದಿತು: ಗುರುತು ಹತ್ತದ, ಮೂವತ್ತರ ಸುಮಾರಿನ ಗಂಡಸು. ಭಾವನು ಬಾಗಿಲಿನವರೆಗೆ ಬಂದು ಅಲ್ಲಿಯೇ ಕುಳಿತುಬಿಟ್ಟನು. ನಾನು ಒಳಗೆ ಹೋದೆನು. ಅದು ಬೇರೆ ಯಾರದೋ ಮನೆಯ ಮಗ. ಹೊರಗೆ ಬಂದು "ನಮ್ಮವನಲ್ಲ" ಎಂದಾಗ ಭಾವನು ಕೈಮುಗಿದನು. ಆ ಕ್ಷಣದಲ್ಲಿ ನನಗಾದ ಸಂತೋಷವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆ ರಾತ್ರಿ ಬೆಂಗಳೂರಿನಿಂದ ಮಗುವಿನ ತಂಗಿಯು ಬಂದಳು. ಅವಳಿಗೆ 26 ವರ್ಷ, ಅಲ್ಲಿ ಉದ್ಯೋಗದಲ್ಲಿದ್ದಾಳೆ. ನಾವು ನೋಡಿಬಂದ ಸ್ಥಳಗಳನ್ನೆಲ್ಲ ಕೇಳಿ ಬರೆದುಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾವ, ಅವನು ಯಾತರಿಂದ ಓಡಿಹೋದನೆಂದು ನೀವೆಲ್ಲ ಯೋಚಿಸುತ್ತಿದ್ದೀರಿ. ಯಾವುದರ ಕಡೆಗೆ ಹೋದನೆಂದು ಯಾರೂ ಕೇಳಲಿಲ್ಲವಲ್ಲ?" ಎಂದಳು.

ನನಗೆ ಮಹಾಭಾರತದ ನಳೋಪಾಖ್ಯಾನವು ನೆನಪಾಯಿತು. ಎಷ್ಟು ಸಾರಿ ಅದನ್ನು ಪಾಠ ಹೇಳಿದ್ದೆನೋ! ಕಾರ್ಕೋಟಕನು ಕಚ್ಚಿ ರೂಪವು ಕೆಟ್ಟಿದ್ದ ನಳನನ್ನು ದಮಯಂತಿಯು ಮುಖದಿಂದ ಗುರುತಿಸಲಿಲ್ಲ. ಕುದುರೆಗಳನ್ನು ನಡೆಸುವ ಕೈಚಳಕದಿಂದಲೂ, ಅಡಿಗೆಯ ರುಚಿಯಿಂದಲೂ ಅವನು ಇವನೇ ಎಂದು ನಿಶ್ಚಯಿಸಿದಳು. ಮುಖವನ್ನೂ ಹೆಸರನ್ನೂ ಹಿಡಿದು ಹುಡುಕಿದವರಿಗೆ ಅವನು ಸಿಕ್ಕುತ್ತಿರಲಿಲ್ಲ. ನಾವು ನಮ್ಮ ಹುಡುಗನನ್ನು ಮುಖ ಮತ್ತು ಹೆಸರು ಹಿಡಿದು ಹುಡುಕಿದೆವು. ಅವನ ಪ್ರೀತಿಯನ್ನು ಹಿಡಿದು ಹುಡುಕಲಿಲ್ಲ. ತನ್ನಲ್ಲಿಯೇ ಲೀನನಾದವನಿಗೆ ಹೊರಗೆ ಹೋಗಬೇಕಾದ ಸ್ಥಳವಾದರೂ ಯಾವುದಿದ್ದೀತು ಎಂದು ಎಣಿಸಿದ್ದೆವಲ್ಲವೆ! ಶಬ್ದಾರ್ಥದ ತಪ್ಪು ಇಲ್ಲಿತ್ತು. ಅವನು ತನ್ನಲ್ಲಿ ಲೀನನಾಗಿರಲಿಲ್ಲ. ತಿರುಗುವ ಚಕ್ರಗಳಲ್ಲಿ ಲೀನನಾಗಿದ್ದನು.

ಮೂವರೂ ಕುಳಿತು ಪಟ್ಟಿ ಮಾಡಿದೆವು. ಹೊಲಿಗೆಯ ಯಂತ್ರ, ಹಿಟ್ಟಿನ ಗಿರಣಿಯ ಪಟ್ಟಿ, ಬಾವಿಯ ರಾಟೆ, ಸೈಕಲ್ಲಿನ ಗಾಲಿ. ತಂಗಿಯು ಥಟ್ಟನೆ, "ಗಾಣ" ಎಂದಳು. ಅವಳ ಮಾವನವರು ಬದುಕಿದ್ದಾಗ ಎಂಟು ಹತ್ತು ವರ್ಷದ ಹುಡುಗನನ್ನು ಸೈಕಲ್ಲಿನ ಮೇಲೆ ಕುಳ್ಳಿರಿಸಿಕೊಂಡು, ನಾಲೆಯ ಏರಿಯ ಮೇಲೆ ಹಾದು, ಸ್ನೇಹಿತರೊಬ್ಬರ ಆಲೆಮನೆಗೆ ಕರೆದೊಯ್ಯುತ್ತಿದ್ದರಂತೆ. ಗಾಣವು ಕಬ್ಬನ್ನು ನುಂಗುವುದನ್ನೂ, ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಬೆಲ್ಲವಾಗುವುದನ್ನೂ ನೋಡುತ್ತ ಅವನು ಹೊತ್ತು ಮುಳುಗುವವರೆಗೆ ಕುಳಿತಿರುತ್ತಿದ್ದನಂತೆ. ಅಜ್ಜನು ತೀರಿಕೊಂಡು ಹದಿನೆಂಟು ವರ್ಷವಾಗಿತ್ತು. ಆ ದಾರಿಯಲ್ಲಿ ಆಮೇಲೆ ಅವನನ್ನು ಯಾರೂ ಕರೆದೊಯ್ದಿರಲಿಲ್ಲ. ಆದರೆ ಅವನ ಹತ್ತು ಹನ್ನೆರಡು ಶಬ್ದಗಳಲ್ಲಿ 'ಆಲೆ' ಎಂಬುದೂ ಒಂದು. ಬೆಲ್ಲ ಬೇಕಾದಾಗ ಹೇಳುತ್ತಾನೆಂದು ನಾವು ತಿಳಿದಿದ್ದೆವು.

ಶನಿವಾರ ಬೆಳಗಿನ ಜಾವದಲ್ಲಿ ನಾವು ಹೊರಟೆವು. ಏಳು ಮೈಲಿಯ ದಾರಿ. ಆ ಹಳೆಯ ಆಲೆಮನೆ ಮುಚ್ಚಿ ಎಷ್ಟೋ ವರ್ಷವಾಗಿತ್ತು, ಮಾಡು ಕುಸಿದಿತ್ತು, ಒಲೆಯ ಗುಂಡಿಯಲ್ಲಿ ಎಕ್ಕದ ಗಿಡ ಬೆಳೆದಿತ್ತು. ನನ್ನ ಎದೆ ಕುಸಿಯಿತು. ಆದರೆ ಹುಡುಗಿಯು ಅಲ್ಲಿಯೇ ನಿಂತು ಮೂಗರಳಿಸಿ, "ಮಾವ, ವಾಸನೆ" ಎಂದಳು. ಕಾಲು ಮೈಲಿಯಾಚೆ, ನಾಲೆಯ ಕೆಳಗಡೆ, ಬೇರೊಂದು ಆಲೆಮನೆಯ ಹೊಗೆ ಏಳುತ್ತಿತ್ತು.

ಅವನು ಅಲ್ಲಿದ್ದನು. ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ, ಗಾಣಕ್ಕೆ ಎದುರಾಗಿ, ಮೊಣಕಾಲುಗಳನ್ನು ಅಪ್ಪಿಕೊಂಡು ಕುಳಿತಿದ್ದನು. ಈಗಿನ ಗಾಣವು ವಿದ್ಯುತ್ತಿನಿಂದ ನಡೆಯುತ್ತದೆ. ತಿರುಗುವುದು ಮಾತ್ರ ಹಿಂದಿನಂತೆಯೇ. ಅಲ್ಲಿಯ ಕೆಲಸಗಾರರು ಉತ್ತರ ಪ್ರದೇಶದ ಕಡೆಯವರು, ಕನ್ನಡ ಬಾರದು. ಗುರುವಾರ ಕತ್ತಲಾಗುವ ಹೊತ್ತಿಗೆ ಬಂದವನನ್ನು ಅವರು ಯಜಮಾನರ ಕಡೆಯ ಹುಡುಗನೆಂದು ತಿಳಿದರಂತೆ. ಯಜಮಾನರು ಶುಕ್ರವಾರ ಬಂದು ನೋಡಿ, ಕೆಲಸಗಾರರು ತಮ್ಮ ಊರಿನಿಂದ ಕರೆಸಿಕೊಂಡ ಹೊಸ ಆಳೆಂದು ತಿಳಿದರಂತೆ. ಎರಡು ಕಡೆಯವರೂ ಅವನನ್ನು ಮತ್ತೊಬ್ಬರವನೆಂದು ಎಣಿಸಿದರು, ಕೇಳಲಿಲ್ಲ. ವಯಸ್ಸಿಗೆ ಬಂದ ಗಂಡಸನ್ನು ನೀನು ಯಾರ ಮನೆಯವನೆಂದು ಕೇಳುವ ವಾಡಿಕೆ ಎಲ್ಲಿದೆ? ಆದರೆ ರೊಟ್ಟಿಯನ್ನು ಕೊಟ್ಟಿದ್ದರು, ಹೊದೆಯಲು ಕಂಬಳಿಯನ್ನು ಕೊಟ್ಟಿದ್ದರು. ಅವರಲ್ಲಿ ಮುದುಕನೊಬ್ಬನು ನನಗೆ ಬರುವಷ್ಟು ಹಿಂದಿಯಲ್ಲಿ, "ಮಾತಿಲ್ಲ, ಆದರೆ ಕೆಲಸಗಾರ" ಎಂದು ಹೇಳಿ ಕೈ ತೋರಿಸಿದನು. ಬೆಲ್ಲದ ಅಚ್ಚುಗಳೆಲ್ಲ ಗೋಡೆಯುದ್ದಕ್ಕೂ ನೂಲು ಹಿಡಿದಂತೆ ಸಾಲಾಗಿ ನಿಂತಿದ್ದವು.

ನಾನು ಹೆಸರು ಹಿಡಿದು ಕೂಗಲು ಬಾಯಿ ತೆರೆದೆನು. ಹುಡುಗಿಯು ನನ್ನ ತೋಳನ್ನು ಹಿಡಿದು ತಡೆದಳು. ಅವಳು ಮೆಲ್ಲನೆ ಹೋಗಿ, ಅವನ ಮುಖವನ್ನು ನೋಡದೆ, ಮುಟ್ಟದೆ, ಒಂದು ಮೊಳ ದೂರದಲ್ಲಿ ಕುಳಿತು ತಾನೂ ಗಾಣವನ್ನು ನೋಡತೊಡಗಿದಳು. ಕಾಲು ಗಂಟೆ ಹಾಗೆಯೇ ಕಳೆಯಿತು. ಆಮೇಲೆ ಅವನು ಕೈಚಾಚಿ ಅವಳ ದುಪಟ್ಟಿಯ ಅಂಚನ್ನು ಹಿಡಿದುಕೊಂಡನು. ಚಿಕ್ಕಂದಿನಿಂದ ಅವಳೊಡನೆ ಎಲ್ಲಿಗಾದರೂ ಹೋಗಬೇಕಾದರೆ ಹಿಡಿಯುತ್ತಿದ್ದುದು ಹಾಗೆಯೇ. ಇಬ್ಬರೂ ಎದ್ದು ಬಂದರು.

ಮನೆಯಲ್ಲಿ ತಂಗಿಯು ಅಳಲಿಲ್ಲ. ಬಿಸಿನೀರು ತಂದು, ಮಗನ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದು ಬೊಬ್ಬೆಯನ್ನೂ ಒಂದೊಂದು ಮುಳ್ಳನ್ನೂ ನೋಡಿ ತೊಳೆದಳು.

ಕಥೆಯು ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನಮಗೆ ದೇವರು ಕೊಟ್ಟ ಭಾಗ್ಯವು ಎಲ್ಲರಿಗೂ ದೊರೆಯುವುದಿಲ್ಲ. 2013ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ನ್ಯೂಯಾರ್ಕ್ ನಗರದಲ್ಲಿ ಮಾತು ಬಾರದ, ಆಟಿಸಂ ಇದ್ದ, 14 ವರ್ಷದ ಬಾಲಕ ಅವಾಂಟೆ ಒಕೆಂಡೊ ಎಂಬವನು ಶಾಲೆಯ ಬಾಗಿಲಿನಿಂದ ಹೊರಬಿದ್ದನು. ಅವನಿಗೆ ರೈಲುಗಳಲ್ಲಿ ಪ್ರೀತಿಯೆಂದು ನೆಲದಡಿಯ ರೈಲು ದಾರಿಗಳಲ್ಲೆಲ್ಲ ಹುಡುಕಿದರು; ತಾಯಿಯ ಧ್ವನಿಯನ್ನು ಮುದ್ರಿಸಿ ವಾಹನಗಳಿಂದ ಕೇಳಿಸಿದರು. 2014ನೆಯ ಇಸವಿಯ ಜನವರಿಯಲ್ಲಿ ಅವನ ಅವಶೇಷಗಳು ನದಿಯ ದಡದಲ್ಲಿ ದೊರೆತವು. ಅವನ ಮತ್ತು ಕೆವಿನ್ ಎಂಬ ಇನ್ನೊಬ್ಬ ಬಾಲಕನ ಹೆಸರಿನಲ್ಲಿ ಅಲ್ಲಿಯ ಸರಕಾರವು 2018ರಲ್ಲಿ ಇಂತಹವರನ್ನು ಹುಡುಕುವ ಮತ್ತು ಕಾಪಾಡುವ ಕಾರ್ಯಕ್ಕಾಗಿ ಒಂದು ಕಾನೂನನ್ನೇ ಮಾಡಿತು. 2012ರಲ್ಲಿ ಆ ದೇಶದ ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಪರಿಶೀಲನೆಯಂತೆ, ನಾಲ್ಕು ವರ್ಷ ತುಂಬಿದ ಆಟಿಸಂ ಮಕ್ಕಳಲ್ಲಿ ನೂರಕ್ಕೆ 49 ಮಂದಿ ಒಮ್ಮೆಯಾದರೂ ಹಾಗೆ ಹೊರಟುಹೋಗಲು ಯತ್ನಿಸಿದ್ದರು. ಕಾರಣವೇನೆಂದು ಕೇಳಿದಾಗ ಪೋಷಕರು ಕೊಟ್ಟ ಉತ್ತರಗಳಲ್ಲಿ ಶಬ್ದ ಮೊದಲಾದುವುಗಳ ಪೀಡೆ ಇದ್ದಿತು, ನಿಜ. ಅದಕ್ಕೂ ಹೆಚ್ಚಾಗಿ, ಇಷ್ಟವಾದ ಸ್ಥಳದ ಕಡೆಗೆ ಹೋಗುವ ಆಸೆ ಇದ್ದಿತು. ನನ್ನ ಸೋದರಿಯ ಮಗಳು ಅಂದು ರಾತ್ರಿ ಕೇಳಿದ ಪ್ರಶ್ನೆಯು ಎಷ್ಟು ಸರಿಯಾದುದೆಂಬುದು ಆಮೇಲೆ ಇದನ್ನು ಓದಿದಾಗ ನನಗೆ ಮನದಟ್ಟಾಯಿತು.

ಆದುದರಿಂದ ಇಂತಹ ಮಕ್ಕಳೂ ಸೋದರರೂ ಇರುವ ಮನೆಗಳವರಿಗೆ ನನ್ನ ಬಿನ್ನಹವಿಷ್ಟು. ಹುಡುಕುವ ಕೆಲಸವು ಕಳೆದುಹೋಗುವುದಕ್ಕೆ ಮುಂಚೆಯೇ ಆರಂಭವಾಗಬೇಕು. ಒಂದು ಹಾಳೆಯಲ್ಲಿ ಅವರ ಎತ್ತರ, ಮೈಮೇಲಿನ ಗುರುತುಗಳು, ಯಾವುದು ಪ್ರೀತಿ, ಯಾವುದು ಭಯ, ಹತ್ತಿರ ಹೋಗುವ ಕ್ರಮ ಹೇಗೆ ಎಂಬುದನ್ನು ಬರೆದು, ದಿನನಿತ್ಯದ ಉಡುಪಿನಲ್ಲಿ ತೆಗೆದ ಇತ್ತೀಚಿನ ಭಾವಚಿತ್ರದೊಡನೆ ಇಟ್ಟಿರಬೇಕು. ಆಪತ್ತು ಬಂದಾಗ ಮೊದಲು ಹತ್ತಿರದ ನೀರಿನ ಕಡೆಗಳಿಗೂ ಅನಂತರ ಅವರ ಪ್ರೀತಿಯ ಸ್ಥಳಗಳಿಗೂ ಹೋಗಬೇಕು. ಕೂಗುವ ಗುಂಪಿಗಿಂತ ಪರಿಚಯವಿರುವ ಇಬ್ಬರು ಮೌನವಾಗಿ ಹುಡುಕುವುದು ಮೇಲು. ಕೂಡಲೆ 112 ಎಂಬ ಸಂಖ್ಯೆಗೆ ಕರೆ ಮಾಡಬೇಕು. 2024ನೆಯ ಇಸವಿಯ ಜುಲೈ ತಿಂಗಳಿನಿಂದ ಜಾರಿಯಲ್ಲಿರುವ ಹೊಸ ಸಂಹಿತೆಯಂತೆ, ಅಪರಾಧದ ಶಂಕೆಯಿದ್ದರೆ ಸರಹದ್ದಿನ ವಿಚಾರವೆತ್ತದೆ ಯಾವ ಠಾಣೆಯಾದರೂ ದೂರನ್ನು ಬರೆದುಕೊಳ್ಳಬೇಕು. ಕತ್ತಿಗೆ ಸರ, ಕೈಗೆ ಪಟ್ಟಿ ಹಾಕಿದರೆ ಸಹಿಸದವರಿಗೆ ಅಂಗಿಯ ಒಳಮಗ್ಗುಲಿನಲ್ಲಿ ದೂರವಾಣಿಯ ಸಂಖ್ಯೆಯನ್ನು ಹೊಲಿಯಬಹುದು. ತಂಗಿಯು ಎಲ್ಲ ಅಂಗಿಗಳಿಗೂ ಹೊಲಿದಿದ್ದಾಳೆ. ಆಧಾರ್ ಬೆರಳಚ್ಚನ್ನು ತಪ್ಪದೆ ಕೊಡಿಸಿರಬೇಕು. ಹೆಸರು ಹೇಳಲಾರದೆ ಆಶ್ರಮಗಳಲ್ಲಿದ್ದವರು ಆ ಬೆರಳಚ್ಚಿನಿಂದಲೇ ವರ್ಷಗಳ ಮೇಲೆ ಮನೆ ಸೇರಿದ ನಿದರ್ಶನಗಳುಂಟು.

ಇನ್ನೊಂದು ವಿಷಯ. 18 ವರ್ಷ ತುಂಬಿದೊಡನೆ ಕಾನೂನಿನ ಕಣ್ಣಿಗೆ ನಮ್ಮ 'ಮಗು'ವು ಮಗುವಲ್ಲ. ತಂದೆತಾಯಿಗಳೆಂಬ ಮಾತ್ರಕ್ಕೆ ಆಮೇಲೆ ಪೋಷಕತ್ವವು ತಾನಾಗಿ ನಿಲ್ಲುವುದಿಲ್ಲ. ಅವಶ್ಯಕವಾದವರಿಗೆ 1999ನೆಯ ಇಸವಿಯ ರಾಷ್ಟ್ರೀಯ ನ್ಯಾಸದ ಕಾನೂನಿನಂತೆ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಯು ಪೋಷಕರನ್ನು ನೇಮಿಸಿಕೊಡುತ್ತದೆ. ಆ ನ್ಯಾಸದ 'ನಿರಾಮಯ' ಎಂಬ ಯೋಜನೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಗಳವರೆಗೆ ಆರೋಗ್ಯದ ವಿಮೆಯೂ ಉಂಟು. ನಾವು ಇದನ್ನು ಹದಿಮೂರು ವರ್ಷ ತಡವಾಗಿ ಮಾಡಿಸಿದೆವು.

ಆದರೆ ಕಾಗದಗಳಿಗಿಂತ ದೊಡ್ಡ ರಕ್ಷಣೆಯೊಂದಿದೆ. ಕ್ಯಾನರ್ ವೈದ್ಯರು ವರ್ಣಿಸಿದ 11 ಮಕ್ಕಳಲ್ಲಿ ಮೊದಲನೆಯವನು ಮಿಸಿಸಿಪ್ಪಿ ಪ್ರಾಂತದ ಫಾರೆಸ್ಟ್ ಎಂಬ ಸಣ್ಣ ಊರಿನ ಡೊನಾಲ್ಡ್ ಟ್ರಿಪ್ಲೆಟ್. ಎಳೆಯ ವಯಸ್ಸಿನಲ್ಲಿ ಅವನನ್ನು ಒಂದು ಸಂಸ್ಥೆಯಲ್ಲಿ ಬಿಟ್ಟಿದ್ದ ತಂದೆತಾಯಿಗಳು ಮನಸ್ಸು ತಡೆಯದೆ ಮರಳಿ ಮನೆಗೆ ಕರೆತಂದರು. ಅವನು ಆ ಊರಿನಲ್ಲಿಯೇ ಬೆಳೆದು, ಅಲ್ಲಿಯ ಬ್ಯಾಂಕಿನಲ್ಲಿ ದಶಕಗಳ ಕಾಲ ದುಡಿದು, ಒಬ್ಬನೇ ದೇಶವಿದೇಶಗಳನ್ನು ನೋಡಿ ಬಂದು, 2023ನೆಯ ಇಸವಿಯಲ್ಲಿ ತನ್ನ 89ನೆಯ ವಯಸ್ಸಿನಲ್ಲಿ ತೀರಿಕೊಂಡನು. ಊರಿಗೆ ಊರೇ ಅವನನ್ನು ಬಲ್ಲದು. ಅವನಿಗೆ ಮಾತು ಬರುತ್ತಿತ್ತು, ನಮ್ಮವನಿಗೆ ಬಾರದು. ಇಬ್ಬರನ್ನೂ ಹೋಲಿಸುವುದು ಸರಿಯಲ್ಲ. ಆದರೆ ಊರು ಬಲ್ಲವನು ಕಳೆದುಹೋಗುವುದು ಕಷ್ಟ. ನಾವು ನಮ್ಮ ಮಗುವನ್ನು ಇಪ್ಪತ್ತು ವರ್ಷ ನೆಂಟರ ಮಾತಿಗೆ ಹೆದರಿ ಹಿತ್ತಲ ಕೋಣೆಯಲ್ಲಿ ಇಟ್ಟಿದ್ದೆವು. ಅವನನ್ನು ಎರಡು ರಾತ್ರಿ ಯಾರೂ ಗುರುತಿಸಲಿಲ್ಲವೆಂದರೆ ತಪ್ಪು ದಾರಿಹೋಕರದಲ್ಲ.

ಈಗ ಭಾವನು ಪ್ರತಿ ದಿನ ಸಂಜೆ ಮಗನೊಡನೆ ಪೇಟೆಯ ಬೀದಿಯಲ್ಲಿ ನಡೆಯುತ್ತಾನೆ. ಅಂಗಡಿಯವರಿಗೆ, ಆಟೋ ನಡೆಸುವವರಿಗೆ, ಬಸ್ಸಿನ ನಿರ್ವಾಹಕರಿಗೆ ಪರಿಚಯ ಹೇಳಿದ್ದಾನೆ. ಠಾಣೆಗೂ ಕರೆದೊಯ್ದನು, ಆ ವಯಸ್ಸಾದ ದಫೇದಾರರು ಗೋಡೆಯ ಬೀಸಣಿಗೆಯನ್ನು ತಿರುಗಿಸಿ ತೋರಿಸಿದರಂತೆ. ಶನಿವಾರಗಳಲ್ಲಿ ಆಲೆಮನೆಗೆ ಹೋಗುವುದುಂಟು. ಅಚ್ಚುಗಳನ್ನು ಸಾಲಾಗಿಡುವ ಕೆಲಸ ಅವನದು. ಯಜಮಾನರು ಕೂಲಿಯೆಂದು ಎರಡು ಅಚ್ಚು ಬೆಲ್ಲವನ್ನು ಕಟ್ಟಿಕೊಡುತ್ತಾರೆ. ಹಿತ್ತಲ ಬಾಗಿಲಿಗೆ ಒಂದು ಗಂಟೆಯನ್ನು ಕಟ್ಟಿದ್ದಾರೆ. ಗಾಳಿಗೆ ಅದು ಅಲುಗಿದರೂ ತಂಗಿಯು ರಾತ್ರಿ ಎದ್ದು ಹೋಗಿ ನೋಡುತ್ತಾಳೆ. ಆ ಭಯವು ಹೋಗಲಿಲ್ಲ. ಹೋಗುವುದೂ ಇಲ್ಲವೆಂದು ತೋರುತ್ತದೆ.

ವಾಚಕರಲ್ಲಿ ಕಡೆಯ ಬೇಡಿಕೆ ಒಂದಿದೆ. ಕಣ್ಣಿಗೆ ಕಣ್ಣು ಕೊಡದೆ, ಕೇಳಿದ್ದಕ್ಕೆ ಉತ್ತರ ಹೇಳದೆ, ಯಾವುದಾದರೊಂದನ್ನು ತದೇಕಚಿತ್ತದಿಂದ ನೋಡುತ್ತ ಕುಳಿತ ವಯಸ್ಕನೊಬ್ಬನು ಬಸ್ಸು ನಿಲ್ದಾಣದಲ್ಲಿಯೋ ನಾಲೆಯ ಏರಿಯ ಮೇಲೋ ಕಂಡರೆ, ಕುಡುಕನೆಂದು ಬೈಯಬೇಡಿ, ಕಳ್ಳನೆಂದು ಹಿಡಿಯಬೇಡಿ. ಸ್ವಲ್ಪ ದೂರದಲ್ಲಿ ಕುಳಿತುಕೊಳ್ಳಿ. ಅವನ ಅಂಗಿಯ ಅಂಚಿನಲ್ಲಿ ಏನಾದರೂ ಬರೆದಿದೆಯೇ ನೋಡಿ. 112ಕ್ಕೆ ತಿಳಿಸಿ. ಅವರು ಬರುವವರೆಗೆ ಅವನ ಜೊತೆಗೆ ಅವನು ನೋಡುತ್ತಿರುವುದನ್ನೇ ನೀವೂ ನೋಡುತ್ತಿರಿ. ಎಲ್ಲಿಯೋ ಒಬ್ಬ ತಾಯಿಯು ಬಿಸಿನೀರನ್ನು ಒಲೆಯ ಮೇಲಿಟ್ಟು ಕಾಯುತ್ತಿರುತ್ತಾಳೆ.